ವಂಶವಾಹಿಯ ಮೇಲೆ ಗೂಬೆ ಕೂರಿಸಿದ್ದು ಸಾಕು

2025ರ ಮೇ, ಜೂನ್‌ನಲ್ಲಿ ಹಾಸನದಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೊಂದು ಬಂದಾಗ ರಾಜ್ಯ ಎರಡು ಬಣವಾಗಿ ಜಗಳಕ್ಕೆ ನಿಂತಿತು. ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದು ಎಂದು ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಅದನ್ನು ಅಲ್ಲಗಳೆಯಿತು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯೂ ಲಸಿಕೆಯನ್ನು ದೂರಲಿಲ್ಲ. ಅಷ್ಟರಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಗಾಬರಿಯಿಂದ ಸಾಲುಗಟ್ಟಿದ್ದರು. ಲಸಿಕೆಯ ಗದ್ದಲ ತಣ್ಣಗಾದ ಮೇಲೆ ಉಳಿದದ್ದು ಇನ್ನೊಂದು ಹಳೆಯ ವಾದ: ‘ನಮ್ಮ ಭಾರತೀಯರ ವಂಶವಾಹಿಯೇ ಹಾಗೆ.’ ಸೂಟು ತೊಟ್ಟ ತಜ್ಞರ ಬಾಯಲ್ಲಿ ಬರುವುದರಿಂದ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ನನ್ನ ತಕರಾರು ಇದರ ಮೇಲೆಯೇ.

ವಾದ ಪೂರ್ತಿ ಸುಳ್ಳಲ್ಲ. ಬ್ರಿಟನ್ನಿನ ವೈದ್ಯರು ಹೃದ್ರೋಗದ ಅಪಾಯ ಲೆಕ್ಕ ಹಾಕುವಾಗ ರೋಗಿ ಭಾರತೀಯ ಮೂಲದವನೇ, ಪಾಕಿಸ್ತಾನಿ ಮೂಲದವನೇ ಎಂಬುದನ್ನೂ ಸೇರಿಸುತ್ತಾರೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಆಗಿತ್ತು. ಆದರೆ ನಮ್ಮವರು ಇಷ್ಟಕ್ಕೇ ಪುಟ ಮುಚ್ಚುತ್ತಾರೆ. ಅದೇ ಮಾಹಿತಿಯನ್ನು ಮತ್ತೆ ಸೋಸಿ 2007ರಲ್ಲಿ ಬಂದ ಲೇಖನ, ಈ ಅಂತರಕ್ಕೆ ಬಹುಪಾಲು ಕಾರಣ ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ಕೆಟ್ಟ ಕೊಬ್ಬಿನಂಥ ಮಾಮೂಲಿ ಸಂಗತಿಗಳು ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಅಂಟಿಕೊಳ್ಳುವುದು ಎಂದಿತು.

ಹಾವೇರಿ ಹತ್ತಿರದ ಅಗಡಿ ಸೀಮೆಯಲ್ಲಿ ವಂಶವಾಹಿ ವಾದದ ತದ್ವಿರುದ್ಧದ ನಂಬಿಕೆ ಇದೆ: ರೊಟ್ಟಿ ತಿಂದು ಹೊಲದಾಗ ದುಡಿಯೋರಿಗೆ ಹಾರ್ಟ್ ಅಟ್ಯಾಕ್ ಎಲ್ಲೀದು? ಬ್ಯಾಡಗಿ ಮಾರುಕಟ್ಟೆಯಲ್ಲಿ ಸುಗ್ಗಿಯಿಡೀ ಮೆಣಸಿನಕಾಯಿ ಚೀಲ ಹೊರುವ ಹಮಾಲನಿಗಿಂತ ಹೆಚ್ಚು ಬೆವರು ಸುರಿಸುವವರು ಯಾರು? ಬೀಡಿ, ಗುಟ್ಕಾ, ಸಾಲದ ಚಿಂತೆ, ಒಮ್ಮೆಯೂ ಅಳೆಸದ ಬಿಪಿ, ಕರಿದ ಎಣ್ಣೆಯಲ್ಲೇ ಮತ್ತೆ ಕರಿದ ಮಿರ್ಚಿ ಸೇರಿ ಆ ಬೆವರಿನ ಲಾಭವನ್ನೆಲ್ಲ ತಿಂದುಹಾಕುತ್ತವೆ.

ರೋಗ ಬರುವುದರ ಮಾತು ಇಷ್ಟಾಯಿತು. ಬಂದ ಮೇಲೆ ಯಾರು ಸಾಯುತ್ತಾರೆ ಎಂಬುದಕ್ಕೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರು ಮುಂದೆ ನಿಂತು ನಡೆಸಿದ, 2008ರಲ್ಲಿ ಪ್ರಕಟವಾದ ‘ಕ್ರಿಯೇಟ್’ ಅಧ್ಯಯನದಲ್ಲಿ ಉತ್ತರವಿದೆ. ದೇಶದ 89 ಆಸ್ಪತ್ರೆಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಅವರು ನೋಡಿದರು. ಅರ್ಧದಷ್ಟು ಮಂದಿಗೆ ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಆರು ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿದಿತ್ತು. ಒಂದು ತಿಂಗಳೊಳಗೆ ಬಡವರಲ್ಲಿ ಶೇ 8.2 ಮಂದಿ ತೀರಿಕೊಂಡರೆ ಸಿರಿವಂತರಲ್ಲಿ ಶೇ 5.5. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದಾಗ ಈ ಅಂತರ ಅಳಿಸಿಹೋಯಿತು. ರೋಗಿಯ ಮೈಯಲ್ಲಿನ ಅಪಾಯಗಳನ್ನು ಲೆಕ್ಕಕ್ಕೆ ತಂದಾಗ ಹೋಗಲಿಲ್ಲ. ವಂಶವಾಹಿಯ ವಕೀಲರು ಈ ಸಾಲನ್ನು ಓದಿ ಬಂದು ವಾದಿಸಲಿ.

ಅಗಡಿಯಲ್ಲಿ ರಾತ್ರಿ ಎದೆ ಹಿಂಡಿದರೆ ಮೊದಲು ‘ಗ್ಯಾಸ್ ಆಗಿರಬೇಕು’. ಸೋಡಾ, ಆಮೇಲೆ ಈನೋ, ಆಮೇಲೆ ಪರಿಚಯದ ಡಾಕ್ಟರರಿಂದ ಒಂದು ಸೂಜಿ. ಬೆಳಗಾಗುವ ಹೊತ್ತಿಗೆ ಹಾವೇರಿ; ಅಲ್ಲಿಂದ ‘ಹುಬ್ಬಳ್ಳಿಗೆ ಒಯ್ರಿ’ ಎಂದರೆ ಮತ್ತೆ 75 ಕಿಲೋಮೀಟರ್ ಆಸುಪಾಸು. 46ರ ವಯಸ್ಸಿಗೇ ಹೋದ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕಾಗಿ: ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ದೂರದಿಂದ ಅದನ್ನು ಓದುವ ವ್ಯವಸ್ಥೆ, ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ. ಸಿದ್ದರಾಮಯ್ಯ ಸರ್ಕಾರದ ಒಳ್ಳೆಯ ಕೆಲಸಗಳಲ್ಲಿ ಇದೊಂದು. ಲಸಿಕೆಯ ಬಗ್ಗೆ ಆಡಿದ ಮಾತಿನ ಕಾಲುಭಾಗ ಇದರ ಬಗ್ಗೆ ಆಡಿದ್ದರೂ ಸಾಕಿತ್ತು.

ಇಂಜೆಕ್ಷನ್ ಇದ್ದರೂ ಜನ ತಾಲ್ಲೂಕು ಆಸ್ಪತ್ರೆಯ ಬಾಗಿಲನ್ನು ದಾಟಿಕೊಂಡು ಮುಂದೆ ಹೋಗುವುದೇಕೆ? ಹಿಂದೊಮ್ಮೆ ಹೆರಿಗೆಗೋ ಜ್ವರಕ್ಕೋ ಹೋದಾಗ ಕೌಂಟರಿನಲ್ಲಿ ಬೈಸಿಕೊಂಡ ನೆನಪು ಹೋಗಿರುವುದಿಲ್ಲ. ‘ಸರ್ಕಾರಿ ದವಾಖಾನಿ ಬ್ಯಾಡ, ಸೀದಾ ಹುಬ್ಬಳ್ಳಿಗೆ ನಡೀರಿ’ ಎಂದು ಮನೆಯ ಹಿರಿಯರು ಕಾರು ಹತ್ತಿಸುತ್ತಾರೆ. ಒಂದು ಒರಟು ಮಾತಿನ ಬೆಲೆ ಹೀಗೆ ಹತ್ತು ವರ್ಷದ ನಂತರ, ಹೆದ್ದಾರಿಯ ಮೇಲೆ ತೆರಬೇಕಾಗುತ್ತದೆ.

ಇಲಾಖೆ ಇದನ್ನು ಅಳೆಯುತ್ತದೆಯೇ? ಗುಣಮಟ್ಟದ ಪ್ರಮಾಣಪತ್ರಕ್ಕಾಗಿ ರೋಗಿಗಳ ತೃಪ್ತಿಯ ಸಮೀಕ್ಷೆಯೇನೋ ಇದೆ. ಅದನ್ನು ತುಂಬುವವರು ಒಳಗೆ ಬಂದವರು, ಬದುಕಿದವರು, ನಾಳೆ ಮತ್ತೆ ಅದೇ ನರ್ಸಮ್ಮನ ಮುಂದೆ ನಿಲ್ಲಬೇಕಾದವರು. ‘ಚಲೋ ನೋಡ್ಯಾರ್ರಿ’ ಎನ್ನದೆ ಇನ್ನೇನು ಹೇಳಿಯಾರು? ಬಾಗಿಲು ದಾಟಿ ಹೋದವರನ್ನು, ದಾರಿಯಲ್ಲಿ ಸತ್ತವರ ಮನೆಯವರನ್ನು ಆ ಹಾಳೆ ಮುಟ್ಟುವುದೇ ಇಲ್ಲ. ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸುವುದೂ ಕಾಲುಭಾಗಕ್ಕಿಂತ ಕಡಿಮೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸರ್ಕಾರಿ ಆಸ್ಪತ್ರೆಗಳು ನಗುಮುಖದ ಅಂಕ ಬಿಟ್ಟು ನಾಲ್ಕು ಸಂಖ್ಯೆಗಳನ್ನು ಪ್ರತಿ ತಿಂಗಳು ಬಾಗಿಲಿಗೆ ಹಚ್ಚಲಿ: ಎದೆನೋವಿನಿಂದ ಬಂದವರು ಎಷ್ಟು, ಅವರ ಇಸಿಜಿಗೆ ಹಿಡಿದ ನಿಮಿಷಗಳೆಷ್ಟು, ಇಂಜೆಕ್ಷನ್ ಎಷ್ಟು ಜನರಿಗೆ ಕೊಟ್ಟರು, ಬೇರೆಡೆಗೆ ಕಳಿಸಿದವರಲ್ಲಿ ಬದುಕಿದವರು ಎಷ್ಟು. ನಾಲ್ಕನೆಯದಕ್ಕೆ ಹುಬ್ಬಳ್ಳಿಗೆ, ದಾವಣಗೆರೆಗೆ ಫೋನ್ ಮಾಡಬೇಕಾಗುತ್ತದೆ. ಮಾಡಲಿ.