ಏಪ್ರನ್ ಕಿಸೆಯ ಅಟ್ಲಾಸ್

ಡಾಕ್ಟರಿಕೆ ಓದುವವರ ಪುಸ್ತಕಗಳೆಂದರೆ ತಲೆದಿಂಬಿನಷ್ಟು ದಪ್ಪ ಎಂಬುದು ನಮ್ಮೆಲ್ಲರ ಅಂದಾಜು. ಬಹುಮಟ್ಟಿಗೆ ಸರಿಯೂ ಹೌದು. ಆದರೆ ಸ್ಕ್ಯಾನ್ ಓದಲು ಕಲಿಯುವವರ ಹತ್ತಿರ ಇನ್ನೊಂದು ಜಾತಿಯ ಪುಸ್ತಕವಿರುತ್ತದೆ. ಏಪ್ರನ್ ಕಿಸೆಗೆ ಹಿಡಿಸುವಷ್ಟು ಉದ್ದಗಲ, ಕೈಗೆ ಸಿಕ್ಕಾಪಟ್ಟೆ ಸಿಕ್ಕಿ ಮೂಲೆಗಳು ಮೆತ್ತಗಾಗಿರುತ್ತವೆ. ಒಳಗೆ ಔಷಧಿಯ ಹೆಸರಿಲ್ಲ, ಚಿಕಿತ್ಸೆಯಿಲ್ಲ, ವಾಕ್ಯಗಳೇ ಇಲ್ಲವೆನ್ನಬಹುದು. ಒಂದು ಪುಟದಲ್ಲಿ ಸ್ಕ್ಯಾನಿನ ಕಪ್ಪು-ಬಿಳುಪು ಚಿತ್ರ, ಎದುರು ಪುಟದಲ್ಲಿ ಅದೇ ಚಿತ್ರದ ಬಣ್ಣದ ರೂಪ, ಜೊತೆಗೆ ಅಂಗಗಳ ಹೆಸರು. ಪುಟ ತಿರುಗಿಸಿದರೆ ದೇಹದಲ್ಲಿ ಒಂದು ಮೆಟ್ಟಿಲು ಕೆಳಗಿಳಿದಂತೆ.

ಇವುಗಳಲ್ಲಿ ಬಹಳ ಹೆಸರಾದದ್ದು ಜರ್ಮನಿಯ ಇಬ್ಬರು ರೇಡಿಯಾಲಜಿಸ್ಟರು, ಟಾರ್ಸ್ಟನ್ ಮ್ಯೋಲರ್ ಮತ್ತು ಎಮಿಲ್ ರೈಫ್, ಮಾಡಿದ 'ಪಾಕೆಟ್ ಅಟ್ಲಾಸ್ ಆಫ್ ಸೆಕ್ಷನಲ್ ಅನಾಟಮಿ'. ಮೂರು ಸಂಪುಟ. ತಲೆ-ಕುತ್ತಿಗೆ ಮೊದಲನೆಯದು; ಎದೆ, ಹೃದಯ, ಹೊಟ್ಟೆ, ಕಿಬ್ಬೊಟ್ಟೆ ಎರಡನೆಯದು; ಬೆನ್ನುಮೂಳೆ, ಕೈಕಾಲು, ಕೀಲುಗಳು ಮೂರನೆಯದು. ಅಂದರೆ ಪೂರ್ತಿ ಮನುಷ್ಯನನ್ನು ಹೊತ್ತು ತಿರುಗಲು ಮೂರು ಕಿಸೆ ಬೇಕು.

ನಾನು ಡಾಕ್ಟರಲ್ಲ. ಪುಣೆಯಲ್ಲಿ ಕೂತು ಸ್ಕ್ಯಾನ್ ಚಿತ್ರಗಳನ್ನು ತೋರಿಸುವ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ ಕೆಲಸ. ಎರಡನೇ ಸಂಪುಟ ನಮ್ಮ ತಂಡದ ಮೇಜಿಗೂ ಬಂತು. ತೆರೆಯ ಮೇಲೆ ಕಾಣುವ ಬೂದುಬಣ್ಣದ ಮುದ್ದೆ ಯಾವುದು ಎಂದು ತಿಳಿಯದೆ ಬಟನ್ ಎಲ್ಲಿಡಬೇಕೆಂದು ಜಗಳ ಆಡುವುದರಲ್ಲಿ ಅರ್ಥವಿಲ್ಲ ನೋಡಿ. ಹಾಗೆ ಕೈಗೆ ಬಂದ ಪುಸ್ತಕದ ರುಚಿ ಹತ್ತಿತು.

ಸಿಟಿ ಸ್ಕ್ಯಾನ್ ಹುಟ್ಟಿದ್ದೂ ನಮ್ಮ ಕಸುಬಿನವನೊಬ್ಬನ ಕೈಯಲ್ಲಿ. ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಜಿನಿಯರ್. ಬೀಟಲ್ಸ್ ತಂಡದ ಹಾಡುಗಳ ರೆಕಾರ್ಡು ಹೊರತರುತ್ತಿದ್ದ ಇಎಂಐ ಕಂಪನಿಯಲ್ಲಿ ಕಂಪ್ಯೂಟರ್ ಕಟ್ಟುತ್ತಿದ್ದವನು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಸ್ಕ್ಯಾನ್ ತೆಗೆದ. ಆ ಚಿತ್ರ ಅಡ್ಡಕ್ಕೆ 80, ಉದ್ದಕ್ಕೆ 80 ಚೌಕಗಳದು. ಇವತ್ತಿನದು 512ಕ್ಕೆ 512. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು. ಚಿತ್ರದ ಪ್ರತಿ ಚೌಕಕ್ಕೂ ಒಂದು ಸಂಖ್ಯೆ ಇರುತ್ತದೆ, ಅದನ್ನು ಅಳೆಯುವ ಮಾನ ಅವನ ಹೆಸರಿನದೇ. ನೀರು ಸೊನ್ನೆ, ಗಾಳಿ ಮೈನಸ್ 1000, ಕೊಬ್ಬು ಮೈನಸ್ 100ರ ಆಸುಪಾಸು, ಗಟ್ಟಿ ಮೂಳೆ ಪ್ಲಸ್ 1000ದ ಸುತ್ತಮುತ್ತ.

ತೊಡಕು ಇರುವುದು ಇಲ್ಲೇ. ಯಕೃತ್ತು, ಗುಲ್ಮ, ಸ್ನಾಯು ಎಲ್ಲವೂ 40ರಿಂದ 60ರ ನಡುವೆ ಒತ್ತೊತ್ತಾಗಿ ನಿಂತಿವೆ. ಪೂರ್ತಿ ಅಳತೆಗೋಲನ್ನು ತೆರೆಯ ಮೇಲೆ ಹರಡಿದರೆ ಇವೆಲ್ಲ ಒಂದೇ ಬೂದಿ. ಅದಕ್ಕೇ ರೇಡಿಯಾಲಜಿಸ್ಟರು 'ವಿಂಡೋ' ಹಾಕುತ್ತಾರೆ: ಹೊಟ್ಟೆಗಾದರೆ ಮೈನಸ್ 160ರಿಂದ ಪ್ಲಸ್ 240ರವರೆಗಿನ ತುಂಡನ್ನಷ್ಟೇ ತೆಗೆದುಕೊಂಡು ಕಪ್ಪಿನಿಂದ ಬಿಳುಪಿನವರೆಗೆ ಹಿಗ್ಗಿಸುತ್ತಾರೆ. ನಾವು ಬರೆದ ಕೋಡು ಮಾಡುವ ಕೆಲಸವೂ ಇಷ್ಟೇ, ಒಂದು ಕೂಡುವುದು, ಒಂದು ಭಾಗಿಸುವುದು. ಆಮೇಲೂ ಉಳಿಯುವುದು ಬೂದಿಯ ಹತ್ತಾರು ಛಾಯೆ. ಅದರಲ್ಲಿ ಯಾವುದು ಏನು ಎಂದು ಹೇಳುವುದು ಕಣ್ಣಿನ ಕೆಲಸ, ಕಣ್ಣಿಗೆ ಕಲಿಸುವುದು ಅಟ್ಲಾಸಿನ ಕೆಲಸ.

ಒಂದು ಪುಟವನ್ನು ಒಟ್ಟಿಗೆ ಓದೋಣ. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ದೇಹದ ಅಡ್ಡಕೊಯ್ತವನ್ನು ಮೂರು ಮಟ್ಟಗಳಲ್ಲಿ ಗುರುತಿಸಬೇಕೆಂದಿದೆ: ಟಿ8, ಟಿ10 ಮತ್ತು ಎಲ್1, ಅಂದರೆ ಸೊಂಟದ ಭಾಗದ ಬೆನ್ನುಮೂಳೆಯ ಮೊದಲ ಮಣಿ. ಈ ಎಲ್1 ಬಹಳ ಸೊಗಸಿನ ಜಾಗ. ನಿಮ್ಮ ಮೈಮೇಲೆ ನೀವೇ ಹುಡುಕಬಹುದು. ಕತ್ತಿನ ಬುಡದ ಗುಳಿಯಿಂದ ಕಿಬ್ಬೊಟ್ಟೆಯ ತಳದ ಮೂಳೆಯವರೆಗಿನ ದೂರದ ಸರಿ ಅರ್ಧಕ್ಕೆ ಬೆರಳಿಡಿ. ಅಲ್ಲಿಂದ ಬಾಳೆದಿಂಡು ಹೆಚ್ಚಿದ ಹಾಗೆ ಅಡ್ಡಲಾಗಿ ಒಂದು ಬಿಲ್ಲೆ ತೆಗೆದರೆ ಸಿಗುವುದೇ ಆ ಪುಟ. ಇದನ್ನು ಗುರುತಿಸಿದ ಕ್ರಿಸ್ಟೋಫರ್ ಆಡಿಸನ್ ಆಮೇಲೆ ರಾಜಕೀಯಕ್ಕೆ ಹೋಗಿ ಬ್ರಿಟನ್ನಿನ ಮೊದಲ ಆರೋಗ್ಯ ಮಂತ್ರಿಯಾದ. ಅಂಗರಚನೆ ಗೊತ್ತಿದ್ದ ಆರೋಗ್ಯ ಮಂತ್ರಿ!

ಮೊದಲ ಪಾಠ, ಎಡ-ಬಲ. ರೋಗಿ ಅಂಗಾತ ಮಲಗಿದ್ದಾರೆ, ನೀವು ಅವರ ಪಾದದ ಕಡೆ ನಿಂತು ಮೇಲಕ್ಕೆ ನೋಡುತ್ತಿದ್ದೀರಿ. ಹಾಗಾಗಿ ಚಿತ್ರದ ಎಡಗಡೆ ರೋಗಿಯ ಬಲಗಡೆ. ಎಡಕ್ಕೆ ಅರ್ಧ ಚಿತ್ರವನ್ನು ಆಕ್ರಮಿಸಿದ ದೊಡ್ಡ ಬೂದು ರಾಶಿಯೇ ಯಕೃತ್ತು. ಕೆಳಗೆ ಮಧ್ಯದಲ್ಲಿ ಬೆಳ್ಳಗೆ ಹೊಳೆಯುವುದು ಬೆನ್ನುಮೂಳೆಯ ಮಣಿ. ಅದರ ಹಿಂದಿನ ಕುಳಿಯಲ್ಲಿ ಬೆನ್ನುಹುರಿ ಇನ್ನೇನು ಮುಗಿಯುವುದರಲ್ಲಿದೆ. ಮಣಿಯ ಅಕ್ಕಪಕ್ಕ ಎರಡು ಮೂತ್ರಪಿಂಡ. ಮಣಿಯ ಎದುರಿಗೇ, ರೋಗಿಯ ಎಡಕ್ಕೆ ಸ್ವಲ್ಪ ಸರಿದು ಒಂದು ದುಂಡು ಚುಕ್ಕೆ, ಅದು ಮಹಾಪಧಮನಿ. ಬಲಕ್ಕೆ ಸ್ವಲ್ಪ ಚಪ್ಪಟೆಯಾದ ಇನ್ನೊಂದು, ಅದು ಕೆಳ ಮಹಾಸಿರೆ. ಪಧಮನಿ ಬಿಗಿ, ಹಾಗಾಗಿ ದುಂಡಗೆ ನಿಲ್ಲುತ್ತದೆ. ಸಿರೆ ಸಡಿಲ, ಅಕ್ಕಪಕ್ಕದವರು ಒತ್ತಿದ ಹಾಗೆ ಆಕಾರ ಬದಲಿಸುತ್ತದೆ.

ಇಲ್ಲಿಯವರೆಗೆ ಸುಲಭ. ಮೇದೋಜೀರಕ ಗ್ರಂಥಿ ಎಲ್ಲಿದೆ? ಜಠರದ ಹಿಂದೆ ಎಂದು ಪುಸ್ತಕದಲ್ಲಿ ಓದಿದ್ದರೂ ಚಿತ್ರದಲ್ಲಿ ಅದು ಕರುಳಿನ ಸುತ್ತುಗಳ ನಡುವೆ ಕರಗಿಹೋಗಿರುತ್ತದೆ. ಕಲಿತವರು ಅದನ್ನು ನೇರ ಹುಡುಕುವುದಿಲ್ಲ. ಗುಲ್ಮದಿಂದ ಹೊರಟು ಅಡ್ಡಲಾಗಿ ಬರುವ ಸಿರೆಯನ್ನು ಹಿಡಿಯುತ್ತಾರೆ. ಆ ಸಿರೆ ಮೇದೋಜೀರಕದ ಬೆನ್ನಿಗೆ ಅಂಟಿಕೊಂಡೇ ಸಾಗುತ್ತದೆ, ಹಾಗಾಗಿ ಅದರ ಮುಂದಿರುವ ಉದ್ದನೆಯ ನಾಲಿಗೆಯಂಥದ್ದೇ ಗ್ರಂಥಿ. ಹೊಸ ಊರಿಗೆ ಬಂದವರು ಮನೆಯ ನಂಬರಿಗಿಂತ ಬಸ್ ಸ್ಟಾಪು, ಗುಡಿ, ಕಿರಾಣಿ ಅಂಗಡಿ ನೆನಪಿಟ್ಟುಕೊಳ್ಳುವ ಹಾಗೆ. ಅಟ್ಲಾಸಿನ ಎರಡು ಪುಟಗಳ ನಡುವೆ ಕಣ್ಣು ಆಚೆ ಈಚೆ ನೂರು ಸಲ ಓಡಾಡಿದ ಮೇಲೆ ಈ ಗುರುತುಗಳು ಬರುತ್ತವೆ.

ದೇಹವನ್ನು ಹೀಗೆ ಬಿಲ್ಲೆ ಮಾಡಿ ನೋಡುವ ಆಲೋಚನೆ ಯಂತ್ರಕ್ಕಿಂತ ಹಳೆಯದು. 1850ರ ದಶಕದಲ್ಲಿ ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಪಿರೊಗೊವ್ ಶವಗಳನ್ನು ಹೆಪ್ಪುಗಟ್ಟಿಸಿ, ಗರಗಸದಲ್ಲಿ ಮೂರು ದಿಕ್ಕಿನಿಂದ ಕೊಯ್ದು, ಕಂಡದ್ದನ್ನು ಬರೆಸಿ ಅಟ್ಲಾಸ್ ಮಾಡಿದ. ಅದೇ ಕಾಲಕ್ಕೆ, 1858ರಲ್ಲಿ, ಲಂಡನ್ನಿನಲ್ಲಿ ಹೆನ್ರಿ ಗ್ರೇಯ ಪ್ರಸಿದ್ಧ ಅಂಗರಚನೆಯ ಪುಸ್ತಕ ಬಂತು. ಅದರ ಚಿತ್ರಗಳನ್ನು ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಒಂದು ಹೊಸತು ಮಾಡಿದ್ದ: ಎ, ಬಿ, ಸಿ ಎಂದು ಗುರುತು ಹಾಕಿ ಕೆಳಗೆ ಪಟ್ಟಿ ಕೊಡುವ ಬದಲು ಅಂಗದ ಮೇಲೆಯೇ ಅದರ ಹೆಸರು ಬರೆದ. ಆ ಪುಸ್ತಕ ಅಚ್ಚಾದ ವರ್ಷವೇ ಮುಂಬಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಕಲಿಸಿದ, 1888ರವರೆಗೆ ಭಾರತದಲ್ಲಿದ್ದ. ಭಾಯಖಳಾದ ಆ ರಸ್ತೆಯಲ್ಲಿ ದಿನವೂ ಓಡಾಡುವ ಮುಂಬಯಿ ಕನ್ನಡಿಗರು ಇದನ್ನೊಮ್ಮೆ ನೆನೆಯಬಹುದು. ಪುಸ್ತಕ ಗ್ರೇಯ ಹೆಸರಿನಲ್ಲೇ ಉಳಿಯಿತು, ಕಾರ್ಟರನಿಗೆ ರಾಯಲ್ಟಿಯ ಪಾಲೂ ಬರಲಿಲ್ಲ.

ನನ್ನ ಅಕ್ಕನ ಮಗಳು ಈಗ ರೇಡಿಯಾಲಜಿ ಎಂಡಿ ಎರಡನೇ ವರ್ಷ, ಉತ್ತರ ಕರ್ನಾಟಕದ ಒಂದು ಕಾಲೇಜಿನಲ್ಲಿ. ದೀಪಾವಳಿಗೆ ಪುಣೆಗೆ ಬಂದಾಗ ನಮ್ಮಿಬ್ಬರ ನಡುವೆ ಇದೇ ಚರ್ಚೆ. ಈಗ ಫ್ರಾನ್ಸಿನವರ ಇ-ಅನಾಟಮಿ ಇದೆ, ಆಸ್ಟ್ರೇಲಿಯಾದಲ್ಲಿ 2005ರಲ್ಲಿ ಶುರುವಾದ ರೇಡಿಯೋಪೀಡಿಯಾ ಪುಕ್ಕಟೆ ಸಿಗುತ್ತದೆ. ತೆರೆಯ ಮೇಲೆ ಬೆರಳಿಟ್ಟರೆ ಸಾಕು, ಹೆಸರು ಬರುತ್ತದೆ. ಮತ್ತೆ ಈ ಕಾಗದದ ಪುಸ್ತಕ ಯಾಕೆ ಎಂದೆ.

"ಮಾಮಾ, ಮೌಸ್ ಇಟ್ರ ಹೆಸರು ಬರ್ತದ ಖರೆ. ಮೌಸ್ ತಗದ ಕೂಡ್ಲೆ ಹೆಸರೂ ಹೋಗ್ತದ" ಅಂದಳು.

ಅವಳು ಮೊಬೈಲನ್ನು ದೂರವಿಟ್ಟವಳೇನಲ್ಲ. ಅವಳ ಕ್ರಮ ಹೀಗೆ: ಬಣ್ಣದ ಪುಟವನ್ನು ಅಂಗೈಯಿಂದ ಮುಚ್ಚಿ, ಬೂದಿಯ ಪುಟದಲ್ಲಿ ಒಂದೊಂದನ್ನೇ ಬಾಯಿಬಿಟ್ಟು ಹೆಸರಿಸಿ, ಆಮೇಲೆ ಕೈ ತೆಗೆಯುವುದು. ಮಾನಿಟರಿನಲ್ಲಿ ರೋಗಿಯ ಸ್ಕ್ಯಾನನ್ನು ಮೌಸಿನ ಗಾಲಿ ತಿರುಗಿಸಿ ಮೇಲೆ ಕೆಳಗೆ ಓಡಿಸುತ್ತಾ ಸಿರೆಯೊಂದನ್ನು ಬೆನ್ನಟ್ಟುವುದು. ಕಾಗದದಲ್ಲಿ ಈ ಓಡಾಟ ಸಾಧ್ಯವಿಲ್ಲ, ಅದು ಅದರ ದೊಡ್ಡ ಕೊರತೆ. ಯಂತ್ರ ಒಂದು ಮಿಲಿಮೀಟರಿಗೊಂದು ಚಿತ್ರ ತೆಗೆದು ನೂರಾರು ಕೊಡುತ್ತದೆ, ಪುಸ್ತಕದಲ್ಲಿ ಅವುಗಳಿಂದ ಆಯ್ದ ಕೆಲವೇ. ಆದರೆ ಆಯ್ದವರು ಇಬ್ಬರು ಅನುಭವಸ್ಥರು. ಯಾವ ಮಟ್ಟದಲ್ಲಿ ನಿಂತು ನೋಡಬೇಕು ಎಂಬ ತೀರ್ಮಾನವೇ ನನಗೆ ಈ ಪುಸ್ತಕದ ಅರ್ಧ ಬೆಲೆ ಅನಿಸುತ್ತದೆ.

ಇನ್ನೊಂದು ಕೊರತೆಯನ್ನು ಅವಳೇ ಹೇಳಿದಳು. ಅಟ್ಲಾಸಿನಲ್ಲಿರುವುದು ಆರೋಗ್ಯವಂತರ ದೇಹ, ಅಂಗಗಳೆಲ್ಲ ಹೇಳಿಟ್ಟ ಜಾಗದಲ್ಲಿ. ವಾರ್ಡಿನಿಂದ ಬರುವವರು ಹಾಗಿರುವುದಿಲ್ಲ. ಕೆಲವರಲ್ಲಿ ಕೆಳ ಮಹಾಸಿರೆ ಎರಡಿರುತ್ತವೆ. ಗೊತ್ತಿಲ್ಲದವರಿಗೆ ಎರಡನೆಯದು ಊದಿಕೊಂಡ ದುಗ್ಧಗ್ರಂಥಿಯಂತೆ ಕಾಣುತ್ತದೆ. ಎರಡು ಮೂತ್ರಪಿಂಡ ಕೆಳಗೆ ಕೂಡಿಕೊಂಡು ಕುದುರೆ ಲಾಳದಂತಿರುವುದು ಸುಮಾರು ಐನೂರು ಜನರಲ್ಲಿ ಒಬ್ಬರಿಗೆ. ಎಲ್1 ಬಿಲ್ಲೆಯಲ್ಲೇ ಜಠರದ ಬಾಗಿಲು ಸಿಗಬೇಕು ಎನ್ನುತ್ತದೆ ಪಾಠ. ಎದ್ದು ನಿಂತರೆ ಅದೇ ಬಾಗಿಲು ಕೆಳಗಿಳಿಯುತ್ತದೆ. ಇಂಥ 'ರೋಗದಂತೆ ಕಾಣುವ ಆರೋಗ್ಯ'ಗಳನ್ನು ಎಕ್ಸ್‌ರೇಗೆ ಸಂಬಂಧಿಸಿದಂತೆ ಕೂಡಿಹಾಕಿದ ಥಿಯೋಡರ್ ಕೀಟ್ಸರ ಅಟ್ಲಾಸ್ 1973ರಲ್ಲಿ ಬಂತು. ಅದು ಸಾವಿರ ಪುಟ ದಾಟಿ ಬೆಳೆದಿದೆ, ಯಾವ ಕಿಸೆಗೂ ಹಿಡಿಸುವುದಿಲ್ಲ.

ಅವಳು ಇದ್ದ ಆ ನಾಲ್ಕು ದಿನದಲ್ಲೇ ನಮ್ಮ ಸೊಸೈಟಿಯ ವಿಜಯಪುರದ ಕಡೆಯ ಹಿರಿಯರೊಬ್ಬರು ರಿಪೋರ್ಟ್ ಹಿಡಿದು ಬಂದರು. ಪಿತ್ತಕೋಶದ ಕಲ್ಲಿಗೆಂದು ಸ್ಕ್ಯಾನ್ ಮಾಡಿಸಿದ್ದು. ಕಲ್ಲಿನ ಮಾತು ಅವರಿಗೆ ಬೇಡವೇ ಆಗಿತ್ತು. ಕೊನೆಯಲ್ಲಿದ್ದ ಒಂದು ಸಾಲು, 'ಆಕ್ಸೆಸರಿ ಸ್ಪ್ಲೀನ್' ಕಂಡಿದೆ ಎಂಬುದು, ಮನೆಯವರೆಲ್ಲರ ಎರಡು ರಾತ್ರಿಯ ನಿದ್ದೆ ತಿಂದಿತ್ತು. ಮಗ ಬೆಂಗಳೂರಿನಿಂದ ಟಿಕೆಟ್ ಕೂಡ ತೆಗೆದಿದ್ದ. ಹುಡುಗಿ ಚಿತ್ರ ತರಿಸಿ ನೋಡಿ, ಗುಲ್ಮದ ಪಕ್ಕ ಕಡಲೆಕಾಳಿನಷ್ಟು ದುಂಡಗಿದ್ದದ್ದನ್ನು ತೋರಿಸಿದಳು. "ಅಜ್ಜಾರ, ಇದು ಮರಿಗುಲ್ಮ. ಹುಟ್ಟತನ ಬಂದದ್ದು. ಭಾಳ ಮಂದಿಗಿರತದ, ಏನೂ ಮಾಡೂದಿಲ್ಲ."

"ಏನೂ ಮಾಡೂದಿಲ್ಲಂದ್ರ ಬರದದ್ದು ಯಾಕವಾ?"

"ಮುಂದ ಯಾರರ ಇದನ್ನ ಗಂಟು ಅಂತ ತಿಳದು ಸೂಜಿ ಚುಚ್ಚಬಾರದು ಅಂತ."

ಆ ಸಾಲು ಬರೆದ, ನಮಗೆ ಗೊತ್ತಿಲ್ಲದ ರೇಡಿಯಾಲಜಿಸ್ಟರ ಬಗ್ಗೆ ನನಗೆ ಗೌರವ ಹುಟ್ಟಿತು. ಅದೇ ಕಾಳನ್ನು ಇನ್ನೊಬ್ಬರು ದುಗ್ಧಗ್ರಂಥಿ ಎಂದೋ ಮೇದೋಜೀರಕದ ತುದಿಯ ಗಡ್ಡೆ ಎಂದೋ ಬರೆದಿದ್ದರೆ ಆ ಮನೆಯವರು ಇನ್ನೆಷ್ಟು ಆಸ್ಪತ್ರೆ ಹತ್ತಬೇಕಿತ್ತೋ. ಸ್ಕ್ಯಾನ್ ಸೆಂಟರುಗಳು ಈಗ ತಾಲ್ಲೂಕು ಊರುಗಳಿಗೂ ಬಂದಿವೆ. ಚಿತ್ರ ಅಲ್ಲಿ, ಓದುವವರು ಇನ್ನೆಲ್ಲೋ. ಅಮೆರಿಕದ ರಾತ್ರಿಯ ಸ್ಕ್ಯಾನುಗಳನ್ನು ಬೆಂಗಳೂರಿನ ಹಗಲಲ್ಲಿ ಕೂತು ಓದುವ ಕೆಲಸವೇ ಎಷ್ಟೋ ವರ್ಷದಿಂದ ನಡೆದಿದೆ. ರೋಗಿಯ ಮುಖ ನೋಡದೆ ತೀರ್ಪು ಕೊಡುವವರಿಗೆ ಸಹಜ ಯಾವುದು ಎಂಬುದು ಬೆರಳ ತುದಿಯಲ್ಲಿರಬೇಕು.

ಇಷ್ಟು ಹೇಳಿದ ಮೇಲೆ ಸಹೋದ್ಯೋಗಿಗಳು ಕೇಳುವ ಪ್ರಶ್ನೆ ಒಂದೇ: ಎಐ ಇದೆಯಲ್ಲ? ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಆಸ್ಪತ್ರೆಯವರು ಟೋಟಲ್‌ಸೆಗ್ಮೆಂಟೇಟರ್ ಎಂಬುದನ್ನು ಎಲ್ಲರಿಗೂ ಸಿಗುವಂತೆ ಬಿಟ್ಟಿದ್ದಾರೆ. 2023ರಲ್ಲಿ ಪ್ರಕಟವಾದ ಲೇಖನದ ಪ್ರಕಾರ 1204 ಸಿಟಿ ಸ್ಕ್ಯಾನುಗಳ ಮೇಲೆ ಕಟ್ಟಿದ್ದು, 104 ರಚನೆಗಳಿಗೆ ತಾನೇ ಬಣ್ಣ ತುಂಬುತ್ತದೆ. ಮ್ಯೋಲರ್-ರೈಫರ ಬಣ್ಣದ ಪುಟವನ್ನು ಯಾವುದೇ ರೋಗಿಗೆ ಆ ಕ್ಷಣದಲ್ಲಿ ತಯಾರಿಸಿದ ಹಾಗೆ. ಮೊದಲ ಸಲ ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಆದರೆ ಅದಕ್ಕೆ ಕಲಿಸಿದ ಗುರುತುಗಳನ್ನು ಮನುಷ್ಯರು ಕೂತು ತಿದ್ದಿದ್ದಾರೆ. ಬಣ್ಣ ಎಲ್ಲಿ ಗೆರೆ ದಾಟಿತು, ಯಾವ ಸಿರೆಯನ್ನು ಕರುಳಿಗೆ ಸೇರಿಸಿತು ಎಂದು ಹಿಡಿಯುವವರೂ ಅವರೇ, ಬಣ್ಣದ ಪುಟ ಮುಚ್ಚಿಕೊಂಡು ಬೂದಿಯನ್ನು ಓದಿದ್ದವರು. ನಮ್ಮ ತಂಡದ ಉಪಕರಣದಲ್ಲಿ ವಿದ್ಯಾರ್ಥಿಗಳಿಗೆಂದು ಒಂದು ಬಟನ್ ಇಡಿಸಿದ್ದೇನೆ: ಹೆಸರು, ಬಣ್ಣ ಎಲ್ಲವನ್ನೂ ಮರೆಮಾಡುವುದು. ಮ್ಯಾನೇಜರಿಗೆ ಅದರ ಉಪಯೋಗ ಇನ್ನೂ ಮನವರಿಕೆಯಾಗಿಲ್ಲ.

ನಿಮ್ಮ ಮನೆಯಲ್ಲಿ ಎಂಬಿಬಿಎಸ್ ಮೊದಲ ವರ್ಷದ ಮಕ್ಕಳಿದ್ದರೆ ಮೂರೂ ಸಂಪುಟ ಒಟ್ಟಿಗೆ ಕೊಳ್ಳುವ ಅಗತ್ಯವಿಲ್ಲ. ಎದೆ-ಹೊಟ್ಟೆಯ ಎರಡನೆಯದು ಸಾಕು, ಟಿ8, ಟಿ10, ಎಲ್1 ಮೂರೂ ಅದರಲ್ಲೇ ಬರುತ್ತವೆ. ಸೀನಿಯರುಗಳ ಹತ್ತಿರ ಹಳೆಯ ಪ್ರತಿ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಲಿ. ಯಂತ್ರಗಳು ಬದಲಾದರೂ ಗುಲ್ಮದ ಸಿರೆ ಹೋಗುವ ದಾರಿ ಬದಲಾಗಿಲ್ಲ. ಪೆನ್ಸಿಲಿನಲ್ಲಿ ಯಾರೋ ಗೀಚಿದ ಗುರುತುಗಳಿದ್ದರೆ ಅಳಿಸದಿರಲಿ. ಅಕ್ಕನ ಮಗಳ ಪ್ರತಿಯಲ್ಲಿ ಗುಲ್ಮದ ಪುಟದ ಅಂಚಿಗೆ, ಅವಳಿಗಿಂತ ಮೊದಲಿದ್ದ ಯಾರೋ ಒಂದು ಸಣ್ಣ ದುಂಡು ಬರೆದು ಪಕ್ಕದಲ್ಲಿ 'ಹೆದರಬೇಡ' ಎಂದು ಕನ್ನಡದಲ್ಲಿ ಬರೆದಿದ್ದಾರೆ.