ಕನ್‌ಸ್ಟ್ರಕ್ಟರ್ ಹೇಳುವುದು, ಹೇಳದಿರುವುದು

ಆನ್‌ಲೈನ್ ಅಂಗಡಿಯೊಂದರ ತಂತ್ರಾಂಶದಲ್ಲಿ ಆರ್ಡರ್ ನೋಡಿಕೊಳ್ಳುವ ಒಂದು ಕ್ಲಾಸ್ ಇದೆ ಎನ್ನಿ. ಅದಕ್ಕೆ ಡೇಟಾಬೇಸ್ ಬೇಕು, ಪೇಮೆಂಟ್ ಗೇಟ್‌ವೇ ಬೇಕು, ಗ್ರಾಹಕರಿಗೆ ಇಮೇಲ್ ಕಳಿಸುವ ಏರ್ಪಾಡು ಬೇಕು. ಇವನ್ನೆಲ್ಲ ಕ್ಲಾಸ್ ತನ್ನೊಳಗೇ ಹುಟ್ಟಿಸಿಕೊಂಡರೂ ಕೆಲಸ ನಡೆಯುತ್ತದೆ. ಫಜೀತಿ ಶುರುವಾಗುವುದು ಟೆಸ್ಟ್ ಬರೆಯಲು ಕೂತಾಗ. ರಿಯಾಯಿತಿಯ ಲೆಕ್ಕವೊಂದು ಸರಿಯಿದೆಯೇ ಎಂದು ನೋಡಹೋದರೆ ಡೇಟಾಬೇಸ್ ಎದ್ದು ಕೂರಬೇಕು, ಯಾರಿಗೋ ನಿಜವಾದ ಇಮೇಲ್ ಹೋಗಿಬಿಡಬೇಕು!

ಡಿಪೆಂಡೆನ್ಸಿ ಇಂಜೆಕ್ಷನ್ ಇದಕ್ಕೆ ಸೂಚಿಸುವ ಪರಿಹಾರ ಮದುವೆಮನೆಯ ಅಡುಗೆಭಟ್ಟರ ಪದ್ಧತಿಯೇ. ಭಟ್ಟರು ಸಾಮಾನಿನ ಪಟ್ಟಿ ಬರೆದುಕೊಡುತ್ತಾರೆ, ಅಂಗಡಿಗೆ ಹೋಗುವುದಿಲ್ಲ. ತರಿಸಿಕೊಡುವುದು ಮನೆಯವರ ಹೊಣೆ. ಇಲ್ಲಿ ಕ್ಲಾಸಿನ ಕನ್‌ಸ್ಟ್ರಕ್ಟರೇ ಪಟ್ಟಿ, ತಂದೊದಗಿಸುವುದು ಫ್ರೇಮ್‌ವರ್ಕಿನ ಕಂಟೇನರ್. ಟೆಸ್ಟ್ ಮಾಡುವಾಗ ಇಮೇಲ್ ಕಳಿಸಿದಂತೆ ನಟಿಸುವ ಹುಸಿ ವಸ್ತುವೊಂದನ್ನು ಕೊಟ್ಟರೂ ಕ್ಲಾಸಿಗೆ ವ್ಯತ್ಯಾಸ ತಿಳಿಯದು.

ಜಾವಾದಲ್ಲಿ ಇದನ್ನು ಮನೆಮಾತಾಗಿಸಿದ್ದು ಸ್ಪ್ರಿಂಗ್ ಎಂಬ ಫ್ರೇಮ್‌ವರ್ಕ್. ರಾಡ್ ಜಾನ್ಸನ್ 2002ರಲ್ಲಿ ಬರೆದ ಪುಸ್ತಕದ ಕೋಡಿನಿಂದ ಹುಟ್ಟಿದ್ದು ಅದು. ಆಗ ಚಾಲ್ತಿಯಲ್ಲಿದ್ದ ಎಂಟರ್‌ಪ್ರೈಸ್ ಜಾವಾಬೀನ್‌ಗಳಲ್ಲಿ ಸಣ್ಣ ಕೆಲಸಕ್ಕೂ ಇಂಟರ್‌ಫೇಸುಗಳು, ಒಂದು ಕ್ಲಾಸ್, ಮೇಲೊಂದು ಎಕ್ಸ್‌ಎಂಎಲ್ ಕಡತ. ಓಡಿಸಲು ಭಾರಿ ಸರ್ವರ್. 2004ರ ಜನವರಿಯಲ್ಲಿ ತಂತ್ರಾಂಶ ಲೇಖಕ ಮಾರ್ಟಿನ್ ಫೌಲರ್ ‘ಡಿಪೆಂಡೆನ್ಸಿ ಇಂಜೆಕ್ಷನ್’ ಎಂಬ ಹೆಸರನ್ನು ರೂಢಿಗೆ ತಂದ ಲೇಖನ ಬರೆದರು. ಮಾರ್ಚ್‌ನಲ್ಲಿ ಸ್ಪ್ರಿಂಗ್ 1.0 ಬಂತು. ಜಾವಾಬೀನ್‌ಗಳ ಕಾಟ ತಪ್ಪಿಸಲು ಬಂದ ಸ್ಪ್ರಿಂಗೇ ಮುಂದೆ ಎಕ್ಸ್‌ಎಂಎಲ್ ರಾಶಿ ಹಾಕಿದ್ದು ಬೇರೆ ಕತೆ.

ಬೇಕಾದಾಗ ಡೇಟಾಬೇಸ್ ಬದಲಿಸಬಹುದು ಎಂಬುದನ್ನೇ ಇದರ ದೊಡ್ಡ ಲಾಭವೆಂದು ಹೊಗಳುವುದುಂಟು. ಯಾರು ಬದಲಿಸುತ್ತಾರೆ ಸ್ವಾಮಿ? ನನ್ನ ಮಟ್ಟಿಗೆ ನಿಜವಾದ ಲಾಭ, ಕ್ಲಾಸಿನ ಅಗತ್ಯಗಳು ಬಯಲಿಗೆ ಬರುವುದು. ಕನ್‌ಸ್ಟ್ರಕ್ಟರಿನಲ್ಲಿ ಒಂಬತ್ತು ಹೆಸರು ಸಾಲಾಗಿ ನಿಂತರೆ, ಈ ಕ್ಲಾಸ್ ಹತ್ತು ಜನರ ಕೆಲಸವನ್ನು ಮೈಮೇಲೆ ಎಳೆದುಕೊಂಡಿದೆ ಎಂದು ಹೊಸಬರಿಗೂ ಕಾಣುತ್ತದೆ. ಆ ಮುಜುಗರ ಒಳ್ಳೆಯದೇ. ಕಷ್ಟವೆಂದರೆ, ಅದನ್ನು ಮುಚ್ಚಿಡಲು ಸ್ಪ್ರಿಂಗೇ ಒಂದು ಉಪಾಯ ಕೊಟ್ಟಿದೆ: ಫೀಲ್ಡಿನ ತಲೆಯ ಮೇಲೆ ‘@ಆಟೋವೈರ್ಡ್’ ಎಂದು ಬರೆದರೆ ಸಾಕು, ಕನ್‌ಸ್ಟ್ರಕ್ಟರ್ ಖಾಲಿಯಾಗಿಯೇ ಉಳಿಯುತ್ತದೆ. ಒಂಬತ್ತು ಹದಿನಾಲ್ಕಾದರೂ ಯಾರ ಕಣ್ಣೂ ಕುಕ್ಕುವುದಿಲ್ಲ. ಸ್ಪ್ರಿಂಗ್ ತಂಡವೇ ಕನ್‌ಸ್ಟ್ರಕ್ಟರ್ ದಾರಿಯನ್ನು ಶಿಫಾರಸು ಮಾಡುತ್ತಿದ್ದರೂ ಹಳೆಯ ಪ್ರಾಜೆಕ್ಟುಗಳಲ್ಲಿ ಫೀಲ್ಡುಗಳದೇ ದರಬಾರು.

ಇದೇ ಮರೆಯಲ್ಲಿ ಬೆಳೆಯುವ ಇನ್ನೊಂದು ರೋಗ ಸುತ್ತು ಅವಲಂಬನೆ. ಆರ್ಡರಿಗೆ ದಾಸ್ತಾನು ಬೇಕು, ದಾಸ್ತಾನಿಗೆ ಆರ್ಡರ್ ಬೇಕು. ಕನ್‌ಸ್ಟ್ರಕ್ಟರ್ ಮೂಲಕ ಕೇಳಿದರೆ ಯಾರನ್ನು ಮೊದಲು ಹುಟ್ಟಿಸುವುದೆಂದು ತಿಳಿಯದೆ ಕಂಟೇನರ್ ಕೈಚೆಲ್ಲುತ್ತದೆ. ಫೀಲ್ಡಿನಲ್ಲಾದರೆ ಸದ್ದಿಲ್ಲದೆ ಹೊಂದಿಸಿಬಿಡುತ್ತಿತ್ತು. ಸ್ಪ್ರಿಂಗ್ ಮೇಲೆಯೇ ಕಟ್ಟಿದ ಸ್ಪ್ರಿಂಗ್ ಬೂಟ್, 2021ರ ಕೊನೆಯಲ್ಲಿ ಬಂದ ತನ್ನ 2.6ನೆಯ ಆವೃತ್ತಿಯಲ್ಲಿ ಇದಕ್ಕೆ ತಡೆ ಹಾಕಿತು. ಅಪ್‌ಗ್ರೇಡ್ ಮಾಡಿದ ದಿನವೇ ಅಪ್ಲಿಕೇಶನ್ ಮೇಲೇಳದಿದ್ದರೆ ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಿ ಹಳೆಯ ನಡವಳಿಕೆಗೇ ಮರಳಬಹುದು. ಬಿಡುಗಡೆಯ ಒತ್ತಡದಲ್ಲಿ ಆ ಸಾಲು ಎಷ್ಟು ಆಕರ್ಷಕವೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಕನ್‌ಸ್ಟ್ರಕ್ಟರೂ ಹೇಳದ ಒಂದು ಸಂಗತಿ ಇದೆ: ಕೈಗೆ ಬಂದ ವಸ್ತುವಿನ ಆಯಸ್ಸು. ಇನ್ನೊಂದು ವೆಬ್ ಫ್ರೇಮ್‌ವರ್ಕ್ ಆದ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ಸಿಂಗಲ್‌ಟನ್ ಎಂದು ನೋಂದಾಯಿಸಿದ್ದು ಅಪ್ಲಿಕೇಶನ್ ಇರುವವರೆಗೆ ಬದುಕುತ್ತದೆ. ಸ್ಕೋಪ್ಡ್ ಎಂದರೆ ಒಂದು ವೆಬ್ ರಿಕ್ವೆಸ್ಟ್ ಮುಗಿಯುವವರೆಗೆ. ಡೇಟಾಬೇಸ್ ಜೊತೆ ಮಾತಾಡುವ ‘ಡಿಬಿಕಾಂಟೆಕ್ಸ್ಟ್’ ಸಾಮಾನ್ಯವಾಗಿ ಎರಡನೆಯ ಜಾತಿ. ಸಿಂಗಲ್‌ಟನ್ ಒಂದು ಅದನ್ನು ಕೇಳಿ ಪಡೆದರೆ, ಕ್ಷಣಕಾಲ ಬಾಳಬೇಕಾದದ್ದು ಚಿರಂಜೀವಿಯಾಗುತ್ತದೆ. ಏಕಕಾಲದ ಬಳಕೆಗೆಂದು ಮಾಡಿದ ವಸ್ತುವಲ್ಲ ಅದು; ಇಬ್ಬರು ಗ್ರಾಹಕರ ರಿಕ್ವೆಸ್ಟುಗಳು ಒಟ್ಟಿಗೆ ಬಂದರೆ ಎಡವುತ್ತದೆ. ಡೆವಲಪ್‌ಮೆಂಟ್ ಪರಿಸರದಲ್ಲಿ ಫ್ರೇಮ್‌ವರ್ಕೇ ಈ ತಪ್ಪನ್ನು ಹಿಡಿದು ಎರರ್ ಕೊಡುತ್ತದೆ. ಪ್ರೊಡಕ್ಷನ್‌ನಲ್ಲಿ ಆ ತಪಾಸಣೆ ಬೇಕೆಂದರೆ ನಾವೇ ಆನ್ ಮಾಡಿಕೊಳ್ಳಬೇಕು.