ಪದಗಳೋ, ಮಾತುಗಳೋ?

ಬೆಂಗಳೂರಿನಲ್ಲಿ ಜರ್ಮನ್ ಕಲಿಯುತ್ತಿದ್ದ ಹುಡುಗಿಯೊಬ್ಬಳ ಅಜ್ಜ ತೀರಿಕೊಂಡರು. ಜರ್ಮನಿಯಲ್ಲಿರುವ ಗೆಳತಿಯ ಮನೆಯವರು ಸಂತಾಪ ಸೂಚಿಸಿ ಕಾಗದ ಬರೆದರು. ಉತ್ತರದಲ್ಲಿ 'ನಿಮ್ಮ ಸಾಂತ್ವನದ ಮಾತುಗಳಿಗೆ ಕೃತಜ್ಞಳು' ಎಂದು ಅವರ ಭಾಷೆಯಲ್ಲೇ ಬರೆಯಬೇಕೆಂಬುದು ಹುಡುಗಿಯ ಆಸೆ. ನಿಘಂಟು ತೆರೆದಳು. 'ವೊರ್ಟ್' ಎಂದರೆ ಪದ, ಮಾತು. ಅದಕ್ಕೆ ಎರಡು ಬಹುವಚನ ಕೊಟ್ಟಿದ್ದರು: 'ವ್ಯೊರ್ಟರ್' ಮತ್ತು 'ವೊರ್ಟೆ'. ಮೊದಲು ಕಂಡದ್ದನ್ನೇ ಬರೆದಳು. ಅಂಚೆಗೆ ಹಾಕುವ ಮುನ್ನ ಅಧ್ಯಾಪಕಿಗೆ ತೋರಿಸಿದರೆ, ಅವರು ಆ ಪದದ ಕೆಳಗೇ ಕೆಂಪು ಗೆರೆ ಎಳೆದರು. ಮನೆಯಲ್ಲಿ ತಂದೆ ಕೇಳಿದರು: 'ನಿಘಂಟಿನಲ್ಲಿರುವ ಪದ ತಪ್ಪಾಗುವುದು ಹೇಗಮ್ಮಾ?'

ನ್ಯಾಯವಾದ ಪ್ರಶ್ನೆಯೇ. ಎರಡು ರೂಪಗಳೂ ಸರಿ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು. ಬಿಡಿ ಬಿಡಿಯಾಗಿ ಎಣಿಸಬಹುದಾದ ಪದಗಳು 'ವ್ಯೊರ್ಟರ್'. ಒಬ್ಬರು ಇನ್ನೊಬ್ಬರಿಗೆ ಹೇಳಿದ, ಅರ್ಥ ಕೂಡಿಬಂದ ಮಾತುಗಳು 'ವೊರ್ಟೆ'. ಕನ್ನಡದಲ್ಲಿ ನಾವು 'ಪದ', 'ಮಾತು' ಎಂದು ಎರಡು ಬೇರೆ ಶಬ್ದಗಳನ್ನಿಟ್ಟುಕೊಂಡು ಮಾಡುವ ಕೆಲಸವನ್ನು ಜರ್ಮನರು ಒಂದೇ ಶಬ್ದದ ಎರಡು ಬಹುವಚನಗಳಿಂದ ಮಾಡುತ್ತಾರೆ. 'ಅಜ್ಜ ಕೊನೆಗಾಲದಲ್ಲಿ ಆಡಿದ ಪದಗಳು' ಎಂದು ಯಾರಾದರೂ ಬರೆದರೆ ನಮ್ಮ ಕಿವಿಗೆ ಹೇಗೆ ಒಗ್ಗದೋ, ಹುಡುಗಿಯ ವಾಕ್ಯ ಜರ್ಮನರಿಗೆ ಹಾಗೆಯೇ. ಅರ್ಥವಾಗುತ್ತಿತ್ತು, ಯಾರೂ ಬೇಸರಪಡುತ್ತಿರಲಿಲ್ಲ. ಆದರೆ ಸಾಂತ್ವನ ಹೇಳಿದವರಿಗೆ ಶಬ್ದಪಟ್ಟಿ ಕಳಿಸಿದ್ದಕ್ಕೆ ವಂದನೆ ಹೇಳಿದಂತಾಗುತ್ತಿತ್ತು!

ಇನ್ನು ಕಾಗುಣಿತ. ಏಕವಚನಕ್ಕೆ ನಾಲ್ಕೇ ಅಕ್ಷರ: ಡಬ್ಲ್ಯು, ಓ, ಆರ್, ಟಿ. ಜರ್ಮನ್‌ನಲ್ಲಿ ನಾಮಪದದ ಮೊದಲಕ್ಷರ ವಾಕ್ಯದ ನಡುವೆ ಬಂದರೂ ದೊಡ್ಡದೇ. ಡಬ್ಲ್ಯು ಅಕ್ಷರವನ್ನು ನಮ್ಮ 'ವ'ದಂತೆ ಉಚ್ಚರಿಸಬೇಕು. 'ವೊರ್ಟೆ'ಗೆ ಕೊನೆಯಲ್ಲಿ ಒಂದು 'ಇ' ಸೇರಿಸಿದರೆ ಸಾಕು. 'ವ್ಯೊರ್ಟರ್'ಗೆ 'ಇ' ಮತ್ತು 'ಆರ್' ಸೇರುವುದಲ್ಲದೆ 'ಓ' ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಬೇಕು. ಇದಕ್ಕೆ ಉಮ್ಲೌಟ್ ಎನ್ನುತ್ತಾರೆ. ಈ ಧ್ವನಿ ಕನ್ನಡದಲ್ಲಿಲ್ಲ. ನಾಲಿಗೆಯನ್ನು 'ಎ' ಎನ್ನುವಂತೆ ಇಟ್ಟು, ತುಟಿಯನ್ನು 'ಒ' ಎನ್ನುವಂತೆ ದುಂಡಗೆ ಮಾಡಿದರೆ ಬರುತ್ತದೆ. ಇಲ್ಲಿ ಬರೆದಿರುವ 'ವ್ಯೊ' ಬರಿಯ ಹೊಂದಾಣಿಕೆ. ಚುಕ್ಕಿ ಮೂಡಿಸಲಾಗದ ಯಂತ್ರದಲ್ಲಿ 'ಓ' ಪಕ್ಕ ಒಂದು 'ಇ' ಒತ್ತುವುದುಂಟು. ಚುಕ್ಕಿ ಬಿಟ್ಟು 'ಆರ್' ಮಾತ್ರ ಉಳಿಸಿದರೆ, ಅಥವಾ ಚುಕ್ಕಿ ಇಟ್ಟು 'ಆರ್' ಬಿಟ್ಟರೆ, ಎರಡೂ ಅಲ್ಲದ ಮೂರನೆಯದೊಂದು ಹುಟ್ಟುತ್ತದೆ. ಉತ್ತರಪತ್ರಿಕೆಗಳಲ್ಲಿ ಅಂಕ ಹೋಗುವುದು ಇಲ್ಲೇ.

'ನೂರು ಪದಗಳಲ್ಲಿ ಉತ್ತರಿಸಿ' ಎಂಬಲ್ಲಿ ಬರುವುದು ಎಣಿಕೆಯ 'ವ್ಯೊರ್ಟರ್'. ನಿಘಂಟಿಗೆ ಜರ್ಮನ್ ಹೆಸರು 'ವ್ಯೊರ್ಟರ್‌ಬೂಖ್', ಅಂದರೆ ಪದಗಳ ಪುಸ್ತಕ. ಮಕ್ಕಳಿಗೆ ಕಥೆಗಳಿಂದ ಪರಿಚಿತರಾದ ಗ್ರಿಮ್ ಸಹೋದರರು ಆರಂಭಿಸಿದ ಮಹಾನಿಘಂಟಿನ ಹೆಸರಿನಲ್ಲೂ ಅದೇ ಇದೆ. ಅದರ ಮೊದಲ ಸಂಪುಟ ಬಂದದ್ದು 1854ರಲ್ಲಿ, ಮುಗಿದದ್ದು 1961ರಲ್ಲಿ. ಯಾಕೋಬ್ ಗ್ರಿಮ್ 1863ರಲ್ಲಿ ತೀರಿಕೊಂಡಾಗ ಕೆಲಸ ಇನ್ನೂ 'ಎಫ್' ಅಕ್ಷರದಲ್ಲಿತ್ತು. ಆದರೆ ಹಣದ ಮೊತ್ತವನ್ನು ನಾವು 'ಅಕ್ಷರದಲ್ಲಿ' ಎಂದು ಬರೆಯುವ ಕಡೆ ಜರ್ಮನರು ಬರೆಯುವುದು 'ಇನ್ ವೊರ್ಟೆನ್'. ಅಲ್ಲಿ ಪದಗಳ ಎಣಿಕೆ ಯಾರಿಗೆ ಬೇಕು? ಕೊನೆಯ 'ಎನ್' ವಿಭಕ್ತಿಯಿಂದ ಬಂದದ್ದು.

ನಿಯಮವೆಂದ ಮೇಲೆ ಅಪವಾದವೂ ಇರಬೇಕಲ್ಲ. ಗಾದೆಗೆ ಜರ್ಮನ್‌ನಲ್ಲಿ 'ಶ್ಪ್ರಿಖ್‌ವೊರ್ಟ್'. ಗಾದೆ ಎಂದರೆ ಅರ್ಥ ತುಂಬಿದ ಮಾತು. ನ್ಯಾಯವಾಗಿ ಬಹುವಚನ 'ವೊರ್ಟೆ' ಆಗಬೇಕಿತ್ತು. ಆಗಿಲ್ಲ, ಅದು 'ಶ್ಪ್ರಿಖ್‌ವ್ಯೊರ್ಟರ್'! ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದಗಳ ಜೊತೆ ನಮ್ಮ ಗಾದೆಗಳೂ ಹೇರಳವಾಗಿವೆ. ಜರ್ಮನರಾದ ಕಿಟೆಲ್ಲರ ತಾಯ್ನುಡಿಯಲ್ಲಿ ಎರಡಕ್ಕೂ ಚುಕ್ಕಿಯ ಬಹುವಚನವೇ. ಇನ್ನೊಂದು ವಿಷಯ: ಮಾತಿನ ಭರದಲ್ಲಿ ಜರ್ಮನರೇ ಬಿಡಿ ಪದಗಳಿಗೂ 'ವೊರ್ಟೆ' ಎಂದುಬಿಡುವುದುಂಟು. ಪರೀಕ್ಷೆಯಲ್ಲಿ ಆ ಧೈರ್ಯ ಬೇಡ.

ಇಂಥ ಜೋಡಿಗಳು ಬೇರೆಯೂ ಇವೆ. 'ಬಾಂಕ್' ಎಂಬ ಪದಕ್ಕೆ ಹಣವಿಡುವ ಬ್ಯಾಂಕು, ಕೂರುವ ಬೆಂಚು ಎರಡೂ ಅರ್ಥ. ಬಹುವಚನದಲ್ಲಿ ಬ್ಯಾಂಕುಗಳು 'ಬಾಂಕೆನ್', ಬೆಂಚುಗಳು 'ಬೆಂಕೆ'. 'ಮುಟರ್' ಎಂದರೆ ತಾಯಿ. ಬೋಲ್ಟಿಗೆ ಹಾಕುವ ನಟ್ಟು ಕೂಡ ಅದೇ. 'ಯು' ಅಕ್ಷರದ ಮೇಲೆ ಚುಕ್ಕಿಯಿಟ್ಟರೆ ತಾಯಂದಿರು; ಚುಕ್ಕಿ ಬಿಟ್ಟು ಕೊನೆಗೆ 'ಎನ್' ಹಚ್ಚಿದರೆ ನಟ್ಟುಗಳು. ತಾಯಂದಿರ ದಿನದ ಶುಭಾಶಯ ಪತ್ರ ಬರೆಯುವವರು ಇದನ್ನು ಗಮನದಲ್ಲಿಡುವುದು ಕ್ಷೇಮ.

ಇಷ್ಟನ್ನೂ ಮಗಳ ಬಾಯಿಂದ ಕೇಳಿದ ತಂದೆ, 'ನಮ್ಮಲ್ಲಿ ಮರಕ್ಕೆ ಮರಗಳು, ಹುಡುಗನಿಗೆ ಹುಡುಗರು, ಅಣ್ಣನಿಗೆ ಅಣ್ಣಂದಿರು ಇಲ್ಲವೇ? ಅವರೂ ನಮ್ಮಂತೆಯೇ' ಎಂದರಂತೆ. ಹುಡುಗಿ ಹೊಸ ಹಾಳೆ ತೆಗೆದುಕೊಂಡು, ಚುಕ್ಕಿ ಬಿಟ್ಟು, ಕೊನೆಯ 'ಆರ್' ತೆಗೆದು ಆ ಸಾಲನ್ನು ಮತ್ತೆ ಬರೆದಳು. ಅಜ್ಜನ ಕುರಿತು ಎರಡು ಸಾಲು ಹೆಚ್ಚಿಗೆ ಸೇರಿಸಿ ಮರುದಿನ ಅಂಚೆಗೆ ಹಾಕಿದಳು.